ಅಣ್ಣನಿಗೆ ಒಂದು ಗೇಮ್ ಕಳಿಸಿದರೆ ನನ್ನ ವಿಷಯ ಅವನಿಗೇ ಅರ್ಥವಾಗುತ್ತಾ?

ಬಾಯಿಬಿಟ್ಟು ಹೇಳೋಕೆ ಧೈರ್ಯ ಇಲ್ಲ, ನನಗೆ ತುಂಬಾ ಇಷ್ಟವಾದ ಸಣ್ಣ ವಿಶುವಲ್ ನಾವೆಲ್ (ಚಿತ್ರ ನೋಡುತ್ತಾ, ಮಾತು ಓದುತ್ತಾ ಸಾಗುವ ಕಥೆಯ ಗೇಮ್) ಒಂದನ್ನ ಅಣ್ಣನಿಗೆ ಕಳಿಸಿದರೆ ನಾನು ಹುಡುಗಿಯರನ್ನ ಇಷ್ಟಪಡೋಳು ಅಂತ ಅವನಿಗೇ ಹೊಳೆಯುತ್ತಾ, ಯಾವುದನ್ನ ಕಳಿಸಲಿ ಅಂತ ಕೇಳಿದ್ದೀರಿ. ಹೊಳೆಯಲ್ಲ. ಅಂಥದ್ದೊಂದು ಗೇಮ್ ಕೈಗೆ ಬಂದಿದ್ದ ಅಣ್ಣ ನಾನು.

(ಗೇಮ್ ಕೊಟ್ಟ ತಂಗಿ ಅಂದರೆ ಚಿಕ್ಕಪ್ಪನ ಮಗಳು, ಅವಳ ಒಪ್ಪಿಗೆ ಪಡೆದೇ ಬರೀತಿದ್ದೇನೆ. ಓದಿ ನೋಡಿ ಎರಡು ಸಾಲು ತೆಗೆಸಿದ್ದಾಳೆ.)

ನಮ್ಮದು ಮಡಿಕೇರಿಯಿಂದ ಸೋಮವಾರಪೇಟೆ ಕಡೆ ಹೋಗುವಾಗ ಸಿಗುವ ಸಣ್ಣ ಕಾಫಿ ತೋಟ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದಾಗ ಮನೆ ಉಳಿಯಿತು, ಆದರೆ ನೆಂಟರಿಷ್ಟರೆಲ್ಲ ನಮ್ಮಲ್ಲೇ ಬಂದು ಸೇರಿದರು. ಮೈಸೂರಲ್ಲಿ ಓದುತ್ತಿದ್ದ ತಂಗಿಯೂ ಬಂದಿದ್ದಳು. ಸೆಪ್ಟೆಂಬರ್ 6ಕ್ಕೆ ಸಲಿಂಗ ಸಂಬಂಧವನ್ನ ಅಪರಾಧ ಅಂತಿದ್ದ 377ನೇ ಸೆಕ್ಷನ್ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಅವಳು ಹಾಲ್‌ನಲ್ಲಿ ಕೂತು ಟಿವಿ ನೋಡ್ತಿದ್ದಳಂತೆ. ನಾನು ಬಂದವನೇ ರಿಮೋಟ್ ಕಿತ್ಕೊಂಡು, ಸಂಪಾಜೆ ರಸ್ತೆ ಯಾವಾಗ ತೆರೆಯುತ್ತೆ ಅಂತ ನೋಡೋಕೆ ಬೇರೆ ಚಾನೆಲ್ ಹಾಕಿದೆನಂತೆ. ನನಗೆ ನೆನಪೇ ಇಲ್ಲ. ಆ ತಿಂಗಳು ಕೊಡಗಿನಲ್ಲಿ ದೆಹಲಿಯ ಸುದ್ದಿ ಯಾರಿಗೆ ಬೇಕಿತ್ತು ಹೇಳಿ.

ಹುತ್ತರಿಗೆ ಮತ್ತೆ ಬಂದಾಗ ಒಂದು ಪೆನ್ ಡ್ರೈವ್ ಕೊಟ್ಟಳು. "ಅಣ್ಣ, ಇದನ್ನ ಪೂರ್ತಿ ಆಡು. ಆಡಿದ್ಮೇಲೆ ಎಂತ ಅನ್ನಿಸ್ತು ಹೇಳು" ಅಂದಳು. ಒಳಗಿದ್ದದ್ದು ಬಟರ್‌ಫ್ಲೈ ಸೂಪ್, ಬ್ರಿಯಾನಾ ಲೇ 2017ರಲ್ಲಿ ಇಚ್.ಐಓ ಅನ್ನೋ ಗೇಮ್‌ಗಳ ಜಾಲತಾಣದಲ್ಲಿ ಬಿಟ್ಟ ಗೇಮ್. ಇಷ್ಟ ಬಂದಷ್ಟು ಕೊಟ್ಟು ಇಳಿಸಿಕೊಳ್ಳಬಹುದು, ಕೊಡದೆಯೂ ಇಳಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾದ ಒಂದು ಹೈಸ್ಕೂಲು, ಏಷ್ಯಾ ಮೂಲದ ನಾಲ್ಕು ಹುಡುಗಿಯರು, ಒಂದು ಬೇಸ್‌ಬಾಲ್ ಕ್ಲಬ್. ದಿಯಾ ಭಾರತೀಯ ಮನೆಯ ಹುಡುಗಿ, ನಾಲ್ಕು ಜನರ ಮುಂದೆ ಬಾಯಿ ಬಿಡೋಕೂ ಹೆದರುತ್ತಾಳೆ. ಚಿಕ್ಕಂದಿನಲ್ಲಿ ಊರು ಬಿಟ್ಟು ಹೋಗಿದ್ದ ಗೆಳತಿ ಮಿನ್-ಸಿಯೊ ವಾಪಸ್ ಬರ್ತಾಳೆ. ದಿಯಾಗೆ ಅವಳ ಮೇಲಿರೋದು ಬರೀ ಸ್ನೇಹ ಅಲ್ಲ ಅನ್ನೋದು ನಿಧಾನಕ್ಕೆ ಅವಳಿಗೇ ಗೊತ್ತಾಗುತ್ತಾ ಹೋಗುತ್ತೆ.

ಈಗ ನಾನು ಮಾಡಿದ್ದನ್ನ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ನಿಮ್ಮ ಅಣ್ಣನೂ ಇದನ್ನೇ ಮಾಡ್ತಾನೆ.

ಈ ಗೇಮ್ ರೆನ್‌ಪೈಯಲ್ಲಿ ಮಾಡಿದ್ದು. ಟಾಮ್ ರೊಥಾಮೆಲ್ ಅನ್ನೋರು 2004ರಿಂದ ಬೆಳೆಸಿಕೊಂಡು ಬಂದಿರುವ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ತಂತ್ರಾಂಶ. ಒಬ್ಬರೇ ಕೂತು ಬರೆದು, ಚಿತ್ರ ಬಿಡಿಸಿ ಇಂಥ ಗೇಮ್ ಮಾಡೋಕೆ ಸಾಧ್ಯ ಆಗಿರೋದರಲ್ಲಿ ಅದರ ಪಾಲು ದೊಡ್ಡದು. ಅದರಲ್ಲಿ ಕಂಟ್ರೋಲ್ ಕೀ ಒತ್ತಿ ಹಿಡಿದರೆ ಮಾತುಗಳು ಸರಸರ ಓಡುತ್ತವೆ. ಸಾಮಾನ್ಯವಾಗಿ ಒಮ್ಮೆ ಓದಿದ ಸಾಲುಗಳು ಮಾತ್ರ ಓಡುತ್ತವೆ, ಹೊಸ ಸಾಲು ಬಂದಾಗ ನಿಲ್ಲುತ್ತೆ. ಆದರೆ ಪ್ರಿಫರೆನ್ಸಸ್ ಒಳಗೆ 'ಅನ್‌ಸೀನ್ ಟೆಕ್ಸ್ಟ್' ಅಂತ ಒಂದಿರುತ್ತೆ. ಅದನ್ನ ಆನ್ ಮಾಡಿದರೆ ಓದದೇ ಇರೋದೂ ಓಡಿಹೋಗುತ್ತೆ. ನಾನು ಮೊದಲು ಮಾಡಿದ ಕೆಲಸವೇ ಅದು. ಮೌಸ್ ಚಕ್ರ ಮೇಲಕ್ಕೆ ತಿರುಗಿಸಿದರೆ ಕಥೆ ಹಿಂದಕ್ಕೆ ಹೋಗುತ್ತೆ ಅನ್ನೋದೂ ಗೊತ್ತಿತ್ತು. ಹಾಗಾಗಿ ಆಯ್ಕೆ ಬಂದಲ್ಲೆಲ್ಲ ಒಂದನ್ನ ಒತ್ತೋದು, ಏನಾಗುತ್ತೆ ನೋಡೋದು, ಹಿಂದೆ ಹೋಗಿ ಇನ್ನೊಂದು ಒತ್ತೋದು. ಕಥೆಯ ದಿಕ್ಕು ಬದಲಿಸುವ ಆಯ್ಕೆಯನ್ನೇ ಹುಡುಕುತ್ತಿದ್ದೆ. ಈ ಗೇಮ್‌ನಲ್ಲಿ ಅಂಥದ್ದಿಲ್ಲ. ಮಧ್ಯೆ ದಿಯಾ ತನ್ನೊಳಗೇ ಮಾತಾಡಿಕೊಳ್ಳುವ ಉದ್ದುದ್ದ ಭಾಗಗಳಿವೆಯಲ್ಲ, ತಂಗಿ ನನಗೆ ಓದಿಸಬೇಕು ಅಂತಿದ್ದದ್ದು ಅವನ್ನೇ. ಅಲ್ಲೆಲ್ಲ ನನ್ನ ಬೆರಳು ಕಂಟ್ರೋಲ್ ಮೇಲಿತ್ತು. ಮೂರ್ನಾಲ್ಕು ಗಂಟೆಯ ಗೇಮನ್ನ ಒಂದು ಕರೆಂಟ್ ಹೋಗಿ ಬರುವಷ್ಟರಲ್ಲಿ ಮುಗಿಸಿದೆ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ.

ಮುಗಿಸಿ ಮೆಸೇಜ್ ಹಾಕಿದೆ: "ಬೇಸ್‌ಬಾಲ್ ಗೇಮ್ ಅಂತಾರೆ, ಒಂದು ಬಾಲ್ ಹೊಡೆಯೋಕೂ ಬಿಡಲ್ಲ. ಎಂಡಿಂಗ್ ಒಂದೇ. ಆ ಆಕರ್ಷಾ ಜೋಕ್‌ಗಳು ಸೂಪರ್." (ಆಕರ್ಷಾ ಆ ನಾಲ್ವರಲ್ಲಿ ಒಬ್ಬಳು.) ತಂಗಿ ಶಾಲೆಯಲ್ಲಿ ಹಾಕಿ ಆಡಿದವಳು, ಆ ಕಾರಣಕ್ಕೆ ಈ ಗೇಮ್ ಇಷ್ಟವಾಗಿರಬೇಕು ಅಂತಲೂ ಸೇರಿಸಿದ್ದೆ. ಅವಳ ಉತ್ತರ "ಹ್ಮ್, ಸರಿ ಅಣ್ಣ".

ಹುಡುಗಿ ಹುಡುಗಿಯನ್ನ ಪ್ರೀತಿಸುವ ಕಥೆ ಅನ್ನೋದು ಕಣ್ಣಿಗೆ ಬೀಳಲಿಲ್ವಾ ಅಂತ ಕೇಳಬಹುದು. ಬಿತ್ತು. ಅದು ಅಮೆರಿಕದ ಕಥೆ, ಗೇಮ್‌ನ ಕಥೆ ಅಂದುಕೊಂಡೆ. ರೇಸ್ ಗೇಮ್ ಕೊಟ್ಟವನು ಕಾರ್ ಕದಿಯೋಕೆ ಹೊರಟಿದ್ದಾನೆ ಅಂತ ಯಾರೂ ತಿಳಿಯಲ್ಲವಲ್ಲ, ಹಾಗೆ. ಬೇಸರದ ಸಂಗತಿ ಏನಂದ್ರೆ, ಅವಳ ಲೆಕ್ಕದಲ್ಲಿ ಅವಳು ಹೇಳಿ ಆಗಿತ್ತು, ನಾನು ಕೇಳಿಸಿಕೊಂಡು ಜೋಕ್‌ನಲ್ಲಿ ತೇಲಿಸಿದ್ದೆ. ನನ್ನ ಲೆಕ್ಕದಲ್ಲಿ ಯಾರೂ ನನಗೇನೂ ಹೇಳಿರಲಿಲ್ಲ.

ಆಮೇಲೆ ಅವಳು ಮನೆಗೆ ಬರೋದು ಕಮ್ಮಿಯಾಯಿತು. ಹಬ್ಬಕ್ಕೆ ಫೋನ್ ಅಷ್ಟೇ. ಓದು, ಕೆಲಸ ಅಂತ ನಾವೂ ಸುಮ್ಮನಿದ್ದೆವು. ಅವಳ ಡಿಗ್ರಿ ಮುಗಿದ ಮೇಲೆ ಸೋಮವಾರಪೇಟೆ ಕಡೆಯ ಒಂದು ಸಂಬಂಧವನ್ನ ಚಿಕ್ಕಪ್ಪನ ಕಿವಿಗೆ ಹಾಕಿದ್ದು ಯಾರು ಗೊತ್ತಾ? ನಾನೇ. ಹುಡುಗನ ಫೋಟೋ ವಾಟ್ಸಾಪ್‌ನಲ್ಲಿ ಅವಳಿಗೆ ಕಳಿಸಿದವನೂ ನಾನೇ, ಕೆಳಗೆ ಒಂದು ನಗುವ ಮುಖ ಬೇರೆ. ಗೊತ್ತಿದ್ದೂ ಅಣ್ಣ ಹೀಗೆ ಮಾಡಿದ ಅಂದುಕೊಂಡಿದ್ದಳು ಅವಳು. ಕೊನೆಗೆ ಕಾಫಿ ಕುಯ್ಲಿನ ಸಮಯದಲ್ಲಿ ಬಂದವಳು ಕಣದಲ್ಲಿ ಎಲ್ಲರೂ ಇರುವಾಗಲೇ ನನ್ನನ್ನ ಪಕ್ಕಕ್ಕೆ ಕರೆದು, "ನಿಂಗೆ ಹೇಳಿದ್ಮೇಲೂ ಹೀಗೆ ಮಾಡ್ತೀಯಲ್ಲ ಅಣ್ಣ" ಅಂತ ಬೈದಾಗ, "ಎಂತ ಹೇಳಿದೆ? ಯಾವಾಗ?" ಅಂತ ನಿಜಕ್ಕೂ ಗೊತ್ತಿಲ್ಲದೆ ಕೇಳಿದೆ. ಪೆನ್ ಡ್ರೈವ್ ಅಂದಳು. ನನಗೆ ಅದು ಯಾವ ಪೆನ್ ಡ್ರೈವ್ ಅಂತ ನೆನಪಾಗೋಕೇ ಸುಮಾರು ಹೊತ್ತು ಬೇಕಾಯಿತು.

ಆದ್ದರಿಂದ ಯಾವ ಗೇಮ್ ಕಳಿಸಲಿ ಅನ್ನೋ ಪ್ರಶ್ನೆಯನ್ನೇ ಬಿಡಿ. ನಿಮಗೆ ಆ ಕಥೆ ಎದೆಗೆ ತಾಕಿದ್ದು ಅದರಲ್ಲಿ ನೀವಿದ್ದೀರಿ ಅಂತ ನಿಮಗೆ ಗೊತ್ತಿರೋದರಿಂದ. ಅಣ್ಣನಿಗೆ ಅದು ಗೊತ್ತಿಲ್ಲ, ಅವನು ಆಡೋದು ಬರೀ ಗೇಮ್. ಮೊದಲು ಒಂದು ವಾಕ್ಯ ಹೇಳಿ. ಎದುರಿಗೆ ಆಗದಿದ್ದರೆ ಫೋನಲ್ಲಿ, ಅದೂ ಆಗದಿದ್ದರೆ ಮೆಸೇಜ್‌ನಲ್ಲಿ: "ನಾನು ಹುಡುಗಿಯರನ್ನ ಇಷ್ಟಪಡ್ತೀನಿ, ಮನೇಲಿ ಯಾರಿಗೂ ಹೇಳ್ಬೇಡ." ಸುಳಿವು ಕೊಡೋದು ಮೃದುವಾದ ದಾರಿ ಅಂತ ಅನ್ನಿಸುತ್ತೆ, ನನಗೇನೋ ಅದೇ ಕ್ರೂರ ಅನ್ನಿಸುತ್ತೆ, ಇಬ್ಬರಿಗೂ. ಒಂದು ಮಾತು ಮಾತ್ರ: ಅಣ್ಣ ಕೈ ಎತ್ತುವವನು, ಅಥವಾ ನಿಮ್ಮ ಓದು, ಖರ್ಚು ಅವನ ಕೈಲಿದೆ ಅಂತಿದ್ದರೆ ಈಗ ಏನೂ ಹೇಳಬೇಡಿ, ಗೇಮೂ ಕಳಿಸಬೇಡಿ. ನಿಮ್ಮ ಕಾಲ ಮೇಲೆ ನಿಂತ ಮೇಲೆ ನೋಡಿಕೊಳ್ಳಿ.

ಹೇಳಿ ಆದ ಮೇಲೆ ಗೇಮ್ ತೆರೆಯಿರಿ, ಪಕ್ಕದಲ್ಲೇ ಕೂತು. ಆಗಲೂ ನಿಮಗಿಷ್ಟವಾದ ಪ್ರೇಮಕಥೆ ಬೇಡ ಅಂತೀನಿ. 'ಒನ್ ನೈಟ್, ಹಾಟ್ ಸ್ಪ್ರಿಂಗ್ಸ್' ಆಡಿಸಿ. ಎನ್‌ಪಿಸಿಕೆಸಿ ಅನ್ನೋ ಹೆಸರಲ್ಲಿ ಗೇಮ್ ಮಾಡುವವರು 2018ರಲ್ಲಿ ಬಿಟ್ಟದ್ದು, ಒಂದು ಸಲ ಆಡೋಕೆ ಗಂಟೆಯೂ ಬೇಡ. ಹಾರು ಅನ್ನೋ ಟ್ರಾನ್ಸ್ ಹುಡುಗಿಯನ್ನ (ಹುಟ್ಟಿದಾಗ ಗಂಡು ಅಂತ ದಾಖಲಾದವಳು) ಗೆಳತಿ ಮನಾಮಿ ತನ್ನ ಹುಟ್ಟುಹಬ್ಬಕ್ಕೆ ಬಿಸಿನೀರಿನ ಬುಗ್ಗೆಯ ಹೋಟೆಲ್‌ಗೆ ಕರೀತಾಳೆ. ಜಪಾನಿನ 2003ರ ಕಾಯ್ದೆ ಪ್ರಕಾರ ಶಸ್ತ್ರಚಿಕಿತ್ಸೆ ಆಗದೆ ದಾಖಲೆಯಲ್ಲಿ ಲಿಂಗ ಬದಲಿಸುವ ಹಾಗಿರಲಿಲ್ಲ (ಸಂತಾನಶಕ್ತಿ ಇರಬಾರದು ಅನ್ನೋ ಷರತ್ತನ್ನ ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ಅಸಾಂವಿಧಾನಿಕ ಅಂದಿತು). ಹಾಗಾಗಿ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಇರುವ ಸ್ನಾನದ ಜಾಗದಲ್ಲಿ ಯಾವ ಕಡೆ ಹೋಗೋದು ಅನ್ನೋದೂ ಅವಳಿಗೆ ಸಂಕಟ. ನಿಮ್ಮ ವಿಷಯ ಇದಲ್ಲ, ಗೊತ್ತು. ಆದರೆ ಪಕ್ಕದಲ್ಲಿರುವವರು ಹೇಗೆ ನಡ್ಕೊಂಡರೆ ಸಂಜೆ ಚೆನ್ನಾಗಿ ಕಳೆಯುತ್ತೆ, ಹೇಗೆ ಹಾಳಾಗುತ್ತೆ ಅಂತ ತೋರಿಸುತ್ತೆ. ಅಣ್ಣಂದಿರಿಗೆ ಬೇಕಾಗಿರೋದು ಅದು. ಎಂಡಿಂಗ್‌ಗಳು ಬೇರೆ ಬೇರೆ ಇವೆ, ನನ್ನಂಥವನಿಗೂ ಆಡೋಕೆ ಏನೋ ಸಿಗುತ್ತೆ.

ನೆಂಟಸ್ತಿಕೆ ಮಾತು ಬಂದರೆ ಅಣ್ಣ ನನ್ನ ಕಡೆ ನಿಲ್ತಾನಾ ಅಂತಲೂ ಕೊನೆಗೆ ಕೇಳಿದ್ದೀರಿ. ನಿಲ್ತೀಯಾ ಅಂತ ಅವನನ್ನ ಕೇಳಬೇಡಿ, ಕೆಲಸ ಹೇಳಿ. ನನ್ನ ತಂಗಿ ಹೇಳಿದ್ದು ಇಷ್ಟೇ: "ನೀನೇ ತಂದದ್ದು, ನೀನೇ ಹೋಗಿ ಬೇಡ ಅಂದು ಬಾ." ಮಾರನೇ ದಿನ ಸೋಮವಾರಪೇಟೆಗೆ ಹೋಗಿ, ಹುಡುಗಿ ಇನ್ನೂ ಓದಬೇಕು ಅಂತಿದ್ದಾಳೆ ಅಂತ ಸುಳ್ಳು ಹೇಳಿ, ಅವರು ಕೊಟ್ಟ ಕಾಫಿ ಕುಡಿದು ಬಂದೆ. ಚಿಕ್ಕಪ್ಪ ಈಗಲೂ ನನ್ನ ಮೇಲೇ ಸಿಟ್ಟು. ಇರಲಿ ಬಿಡಿ.