ಎಂಟು ನಿಮಿಷದ ಹಾಡಿಗೆ ಇಷ್ಟು ಜಗಳವೇ?

ಹೋದ ಸಂಚಿಕೆಯಲ್ಲಿ ಸುಮ್ನೆ ಒಂದು ಮಾತು ಹೇಳಿದ್ದೆ. ಬ್ರಿಟನ್ನಿನ ಕ್ವೀನ್ ರಾಕ್ ಬ್ಯಾಂಡಿನ ‘ಎ ನೈಟ್ ಅಟ್ ದಿ ಒಪೇರಾ’ ಆಲ್ಬಂ ತೆಗೆದುಕೊಂಡರೆ ಎಲ್ಲರೂ ‘ಬೊಹೀಮಿಯನ್ ರಾಪ್ಸಡಿ’ಗೆ ಹೋಗಿ ನಿಲ್ಲುತ್ತಾರೆ, ಅದೇ ರೆಕಾರ್ಡಿನ ಅದೇ ಮಗ್ಗುಲಲ್ಲಿರುವ ‘ದಿ ಪ್ರಾಫೆಟ್ಸ್ ಸಾಂಗ್’ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ ಅಂತ. ಅಷ್ಟಕ್ಕೇ ಪತ್ರಗಳ ರಾಶಿ ಬಂದಿದೆ. ಕೆಲವರು ಬೆನ್ನು ತಟ್ಟಿದ್ದಾರೆ, ಕೆಲವರು ಚೆನ್ನಾಗಿ ಬೈದಿದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಈ ಒಂದು ಹಾಡಿಗೆ. ಬೇರೆ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಿ.

ಪ್ರಶ್ನೆ: ನಿಮ್ಮ ಮಾತು ನಂಬಿ ಕೇಳಿದೆ ಸಾರ್. ಮೊದಲ ಮೂರು ನಿಮಿಷ ಪರವಾಗಿಲ್ಲ. ಆಮೇಲೆ ಬ್ಯಾಂಡಿನವರೆಲ್ಲ ಟೀ ಕುಡಿಯೋಕೆ ಎದ್ದು ಹೋದಂತೆ ವಾದ್ಯಗಳೇ ನಿಂತುಹೋಗುತ್ತವೆ, ಹಾಡುಗಾರ ಒಬ್ಬನೇ ಒಂದೇ ಸಾಲನ್ನು ಎಳೆದಾಡುತ್ತಾನೆ. ಆ ಎರಡೂವರೆ ನಿಮಿಷ ಕತ್ತರಿಸಿ ಎಸೆದಿದ್ದರೆ ಒಳ್ಳೆ ಹಾಡಾಗುತ್ತಿತ್ತು ಅಲ್ವಾ?
– ಕತ್ತರಿಪ್ರಿಯ, ದಾವಣಗೆರೆ

ಉತ್ತರ: ನೀವು ಕತ್ತರಿಸಬೇಕು ಅನ್ನುವ ಜಾಗದಲ್ಲೇ ಆ ಹಾಡಿನ ಜೀವ ಇದೆ, ಸ್ವಾಮಿ.

ಹಾಡಿನ ಕಥೆ ಏನು ಹೇಳಿ. ಬರೆದವರು ಗಿಟಾರ್ ವಾದಕ ಬ್ರಿಯಾನ್ ಮೇ. ಪ್ರವಾಹ ಬಂದು ಲೋಕವೇ ಮುಳುಗುವ ಕನಸು ಅವರಿಗೆ ಬಿದ್ದಿತ್ತು, ಅದೇ ಹಾಡಿನ ಬೀಜ. ಹಾಡಿನಲ್ಲಿ ಒಬ್ಬ ಮುದುಕ ಬರುತ್ತಾನೆ. ಕೇಡು ಬರ್ತಿದೆ, ಎಚ್ಚರ ಅಂತ ಕೂಗಿ ಹೇಳುತ್ತಾನೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಬೈಬಲ್ಲಿನ ನೋಹನ ನೆರಳು ಕಾಣುತ್ತದೆ, ಅದು ಬೇರೆ ಮಾತು.

ಈಗ ಆ ಮಧ್ಯದ ಭಾಗ ಕೇಳಿ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ, ಫೋನಿನ ಸ್ಪೀಕರ್‌ನಲ್ಲಿ ಕೇಳಿ ತೀರ್ಪು ಕೊಡಬೇಡಿ. ಸುಮಾರು ಮೂರೂವರೆ ನಿಮಿಷದ ಹೊತ್ತಿಗೆ ಗಿಟಾರ್, ಡ್ರಮ್ಸ್ ಎಲ್ಲ ಮಾಯ. ಬ್ಯಾಂಡಿನ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ಒಬ್ಬರೇ ಒಂದು ಸಾಲು ಹಾಡುತ್ತಾರೆ. ಸ್ವಲ್ಪ ಹೊತ್ತಿಗೆ ಅದೇ ಸಾಲು ಒಂದು ಕಿವಿಗೆ ವಾಪಸ್ ಬರುತ್ತದೆ. ಅದರ ಮೇಲೆ ಅವರು ಮುಂದಿನ ಸಾಲು ಹಾಡುವಷ್ಟರಲ್ಲಿ ಮೊದಲನೆಯದು ಇನ್ನೊಂದು ಕಿವಿಗೂ ಬಂದಿರುತ್ತದೆ. ನೋಡುನೋಡುತ್ತಿದ್ದಂತೆ ಒಬ್ಬ ಮನುಷ್ಯ ಮೂರು ಜನ ಆಗುತ್ತಾನೆ, ಮೂವರೂ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಯಾರೂ ಕೇಳದ ಒಬ್ಬ ಮನುಷ್ಯ ಕೂಗುತ್ತಿದ್ದಾನೆ, ಅವನಿಗೆ ಉತ್ತರ ಕೊಡುವುದು ಅವನದೇ ದನಿ. ಇದನ್ನು ಇದಕ್ಕಿಂತ ಚೆನ್ನಾಗಿ ಹೇಗೆ ತೋರಿಸಬಹುದಿತ್ತು? ಅದನ್ನು ತೆಗೆದುಬಿಟ್ಟರೆ ಉಳಿಯುವುದು ಎಪ್ಪತ್ತರ ದಶಕದ ಇನ್ನೊಂದು ಭಾರದ ರಾಕ್ ಹಾಡು. ಅಂಥವು ಆಗ ಬೇಕಾದಷ್ಟಿದ್ದವು.

ಪ್ರಶ್ನೆ: ಆ ಪ್ರತಿಧ್ವನಿ ಎಲ್ಲಿ ರೆಕಾರ್ಡ್ ಮಾಡಿದ್ದು? ಕಂಪ್ಯೂಟರ್ ಇಲ್ಲದ ಕಾಲ. ನಮ್ಮ ಗೋಳಗುಮ್ಮಟದಂಥ ಕಟ್ಟಡ ಹುಡುಕಿಕೊಂಡು ಹೋಗಿದ್ರಾ?
– ಗುಮ್ಮಟದ ಮಗ್ಗುಲಿನವನು, ವಿಜಯಪುರ

ಉತ್ತರ: ಕಟ್ಟಡದಿಂದ ಆಗುವ ಕೆಲಸ ಅಲ್ಲ ಇದು. ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ನಿಂತು ನೀವು ಒಂದು ಸಾಲು ಹಾಡಿದರೆ ದನಿ ಯಾವಾಗ ವಾಪಸ್ ಬರಬೇಕು ಅನ್ನುವುದನ್ನು ಗೋಡೆ ತೀರ್ಮಾನಿಸುತ್ತದೆ, ನೀವಲ್ಲ. ಇಲ್ಲಿ ಹಾಡಿನ ಲಯಕ್ಕೆ ತಕ್ಕ ಹಾಗೆ ಬರಬೇಕು. ಅದಕ್ಕೆ ಟೇಪ್ ಬೇಕು.

ವಿಷಯ ಸುಲಭ. ಟೇಪ್ ಓಡುತ್ತಾ ಇರುತ್ತದೆ. ಒಂದು ಹೆಡ್ ದನಿಯನ್ನು ಟೇಪಿನ ಮೇಲೆ ಬರೆಯುತ್ತದೆ, ಸ್ವಲ್ಪ ದೂರದಲ್ಲಿರುವ ಇನ್ನೊಂದು ಹೆಡ್ ಅದನ್ನು ಓದುತ್ತದೆ. ಟೇಪ್ ಮೊದಲನೆಯದರಿಂದ ಎರಡನೆಯದಕ್ಕೆ ಹೋಗಲು ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟೇ ತಡ. ಸ್ಟುಡಿಯೋ ಟೇಪ್ ಸೆಕೆಂಡಿಗೆ 15 ಇಂಚು, ಅಂದರೆ ಸುಮಾರು 38 ಸೆಂಟಿಮೀಟರ್ ಓಡುತ್ತದೆ ಅಂದುಕೊಳ್ಳಿ. ಎರಡು ಸೆಕೆಂಡ್ ತಡ ಬೇಕು ಅಂದರೆ ಎರಡು ಹೆಡ್‌ಗಳ ನಡುವೆ 76 ಸೆಂಟಿಮೀಟರ್ ಟೇಪ್ ಇರಬೇಕು. ಒಂದೇ ಮಷೀನಿನ ಒಳಗೆ ಅಷ್ಟು ಜಾಗ ಎಲ್ಲಿ? ಅದಕ್ಕೇ ಆಗ ಸ್ಟುಡಿಯೋಗಳಲ್ಲಿ ಎರಡು ಮಷೀನ್ ದೂರ ಇಟ್ಟು, ಒಂದರಿಂದ ಇನ್ನೊಂದಕ್ಕೆ ಟೇಪ್ ಎಳೆದು ಕಟ್ಟುವುದೂ ಇತ್ತು.

ಬ್ರಿಯಾನ್ ಮೇಗೆ ಇದು ಹೊಸ ಆಟವೇನಲ್ಲ. ಎಕೋಪ್ಲೆಕ್ಸ್ ಅನ್ನುವ ಟೇಪ್ ಎಕೋ ಯಂತ್ರವನ್ನು ಬಿಚ್ಚಿ, ತಡ ಜಾಸ್ತಿ ಸಿಗುವ ಹಾಗೆ ತಾವೇ ಬದಲಾಯಿಸಿಕೊಂಡಿದ್ದರು. ತಮ್ಮ ಗಿಟಾರನ್ನೇ ಹಳೇ ಮರ ಹುಡುಕಿ ಅಪ್ಪನ ಜೊತೆ ಕೂತು ಕೈಯಾರೆ ಮಾಡಿಕೊಂಡ ಮನುಷ್ಯ, ಇದೇನು ಮಹಾ. ಕ್ವೀನ್‌ನವರ 1974ರ ಹಾಡು ‘ಬ್ರೈಟನ್ ರಾಕ್’ ಕೇಳಿ, ಗಿಟಾರ್ ತನ್ನ ಜೊತೆ ತಾನೇ ನುಡಿಸಿಕೊಳ್ಳುತ್ತದೆ. ಅದೇ ಐಡಿಯಾವನ್ನು ಮರುವರ್ಷ ಫ್ರೆಡ್ಡಿಯ ಗಂಟಲಿಗೆ ಹಾಕಿದರು, ಅಷ್ಟೇ.

ಪ್ರಶ್ನೆ: ಸುತ್ತಿಬಳಸಿ ಬೇಡ, ನೇರವಾಗಿ ಹೇಳಿ. ‘ಬೊಹೀಮಿಯನ್ ರಾಪ್ಸಡಿ’ಗಿಂತ ಇದು ದೊಡ್ಡ ಹಾಡಾ? ನಮ್ಮ ಹಾಸ್ಟೆಲ್‌ನಲ್ಲಿ ಇದೇ ವಿಷಯಕ್ಕೆ ಎರಡು ಗುಂಪಾಗಿದೆ, ಒಂದು ರೂಮಿನವರು ಇನ್ನೊಂದು ರೂಮಿನವರ ಹತ್ತಿರ ಮಾತು ಬಿಟ್ಟಿದ್ದಾರೆ.
– ಮೂರನೇ ಮಹಡಿ ಗುಂಪು, ಧಾರವಾಡ

ಉತ್ತರ: ಅಲ್ಲ. ‘ರಾಪ್ಸಡಿ’ ಗುಂಪಿನವರು ಈಗಲೇ ಕುಣಿಯಬೇಡಿ, ಪೂರ್ತಿ ಓದಿ.

ಕಟ್ಟಿದ ರೀತಿ ನೋಡಿದರೆ ಫ್ರೆಡ್ಡಿ ಬರೆದ ‘ರಾಪ್ಸಡಿ’ ಒಂದು ಕೈ ಮೇಲೆ. 5 ನಿಮಿಷ 55 ಸೆಕೆಂಡಿನಲ್ಲಿ ಅದು ಎಷ್ಟು ಕಡೆ ಹೋಗಿ ಬರುತ್ತದೆ ಲೆಕ್ಕ ಹಾಕಿ. ಪಿಯಾನೋ ಹಾಡು, ಗಿಟಾರ್, ಒಪೇರಾ, ಹಾರ್ಡ್ ರಾಕ್, ಮತ್ತೆ ಪಿಯಾನೋ. ಎಲ್ಲೂ ಒಂದು ಕ್ಷಣ ಹೆಚ್ಚು ನಿಲ್ಲುವುದಿಲ್ಲ. ‘ಪ್ರಾಫೆಟ್ಸ್ ಸಾಂಗ್’ 8 ನಿಮಿಷ 21 ಸೆಕೆಂಡ್, ಅದರಲ್ಲಿ ನಿಜವಾಗಿ ಇರುವುದು ಎರಡು ವಿಚಾರ. ಸಾಹಿತ್ಯ ಭಾರ ಆಯಿತು, ಪ್ರವಚನ ಕೇಳಿದ ಹಾಗೆ. ಕೋರಸ್ ಎಷ್ಟು ಜೋರಾಗಿದ್ದರೂ ಮನೆಗೆ ಹೋಗುವಾಗ ಬಾಯಲ್ಲಿ ಉಳಿಯುವುದಿಲ್ಲ. ಮಧ್ಯದ ಭಾಗ ಮುಗಿದು ಬ್ಯಾಂಡ್ ವಾಪಸ್ ಬರುವ ಆ ಕ್ಷಣ ಮೈ ಜುಮ್ ಅನ್ನುತ್ತದೆ, ಒಪ್ಪಿದೆ, ಆದರೆ ಅದರ ನಂತರ ಹೇಳಲು ಅವರ ಹತ್ತಿರ ಹೊಸದು ಜಾಸ್ತಿ ಏನೂ ಉಳಿದಿಲ್ಲ.

ಆದರೂ ಈಗ ನನಗೆ ಕೇಳಬೇಕು ಅನ್ನಿಸುವುದು ಇದೇ. ‘ರಾಪ್ಸಡಿ’ ಮದುವೆ ಮನೆಯಲ್ಲಿ, ಕ್ರಿಕೆಟ್ ಗ್ರೌಂಡಿನಲ್ಲಿ, ಜಾಹೀರಾತಿನಲ್ಲಿ ಎಲ್ಲ ಕಡೆ ಕೇಳಿ ಕೇಳಿ ಸವೆದುಹೋಗಿದೆ. ಬಂದಾಗಲೇ ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ಕೂತ ಹಾಡು, 1991ರಲ್ಲಿ ಫ್ರೆಡ್ಡಿ ತೀರಿಕೊಂಡ ಮೇಲೆ ಮತ್ತೆ ಮೊದಲ ಸ್ಥಾನಕ್ಕೆ ಬಂತು. ಮುಂದಿನ ಸಾಲು ಏನು ಅಂತ ಗೊತ್ತಿಲ್ಲದೆ ಅದನ್ನು ಕೇಳುವ ಯೋಗ ನಮಗ್ಯಾರಿಗೂ ಇನ್ನಿಲ್ಲ.

ಇನ್ನೊಂದು ವಿಷಯ ಜಗಳದಲ್ಲಿ ಯಾರೂ ಹೇಳುತ್ತಿಲ್ಲ. ಹಳೇ ಎಲ್‌ಪಿ ರೆಕಾರ್ಡಿನ ಎರಡನೇ ಮಗ್ಗುಲು ಶುರುವಾಗುವುದೇ ‘ಪ್ರಾಫೆಟ್ಸ್ ಸಾಂಗ್’ನಿಂದ. ಕೊನೆಯ ಹಿಂದಿನ ಹಾಡು ‘ಬೊಹೀಮಿಯನ್ ರಾಪ್ಸಡಿ’, ಅದಾದ ಮೇಲೆ ಪುಟ್ಟದಾಗಿ ಬ್ರಿಟನ್ನಿನ ರಾಷ್ಟ್ರಗೀತೆ. ಎರಡು ದೊಡ್ಡ ಹಾಡನ್ನು ಎರಡು ತುದಿಗೆ ನಿಲ್ಲಿಸಿ ನಡುವೆ ಸಣ್ಣವನ್ನು ಇಟ್ಟಿದ್ದಾರೆ. ಎರಡರಲ್ಲೂ ಮಧ್ಯದಲ್ಲಿ ದನಿಗಳದ್ದೇ ಆಟ. ಅಂದರೆ ಒಂದು ಇನ್ನೊಂದಕ್ಕೆ ಜೋಡಿ, ಎದುರಾಳಿ ಅಲ್ಲ. ನಿಮ್ಮ ಎರಡೂ ರೂಮಿನವರು ಒಂದು ಸಂಜೆ ಒಟ್ಟಿಗೆ ಕೂತು ಆ ಮಗ್ಗುಲು ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಮಾತು ಬಿಡಿ.

ಪ್ರಶ್ನೆ: ಅಷ್ಟು ಒಳ್ಳೆ ಹಾಡಾಗಿದ್ದರೆ ‘ರಾಪ್ಸಡಿ’ ಸಿಂಗಲ್‌ನ ಹಿಂಬದಿಗಾದರೂ ಹಾಕಬಹುದಿತ್ತಲ್ಲ?
– ಬಿ ಸೈಡ್, ಮೈಸೂರು

ಉತ್ತರ: ಸಿಂಗಲ್ ಅಂದರೆ ಬದಿಗೊಂದು ಹಾಡಿನ, ಏಳು ಇಂಚಿನ ಪುಟ್ಟ ರೆಕಾರ್ಡ್. ಅದರ ಒಂದು ಬದಿಗೆ ಎಂಟು ನಿಮಿಷ ತುರುಕಿದರೆ ಗೆರೆಗಳು ಒತ್ತೊತ್ತಾಗಿ, ಸದ್ದು ಸಣ್ಣಗಾಗುತ್ತದೆ. ಮುಂಬದಿಯ ಆರು ನಿಮಿಷಕ್ಕೇ ರೇಡಿಯೋದವರು ಏನಂತಾರೋ ಅನ್ನುವ ಭಯ ಇತ್ತು. ಹಿಂಬದಿಗೆ ಹೋಗಿದ್ದು ಡ್ರಮ್ಮರ್ ರೋಜರ್ ಟೇಲರ್ ಬರೆದ, ಕಾರಿನ ಮೇಲಿನ ಪ್ರೀತಿಯ ಹಾಡು. ಸಿಂಗಲ್ ಮಾರಾಟವಾದರೆ ಎರಡೂ ಬದಿ ಬರೆದವರಿಗೆ ಸಮ ಪಾಲು. ಫ್ರೆಡ್ಡಿಯ ಹಾಡು ಖರೀದಿಸಿದವರೆಲ್ಲ ಆ ಕಾರಿನ ಹಾಡಿಗೂ ದುಡ್ಡು ಕೊಟ್ಟ ಹಾಗಾಯ್ತು. ಬ್ಯಾಂಡಿನೊಳಗೆ ಈ ವಿಷಯಕ್ಕೆ ಬಹಳ ದಿನ ಮುಸುಕಿನ ಗುದ್ದಾಟ ಇತ್ತು, ಅದು ಗುಟ್ಟೇನಲ್ಲ.

ಪ್ರಶ್ನೆ: ಫ್ರೆಡ್ಡಿ ಓದಿದ್ದು ಪಂಚಗನಿಯಲ್ಲಿ. ಆ ಮಧ್ಯದ ಭಾಗದಲ್ಲಿ ನನಗೆ ಆಲಾಪ ಕೇಳಿಸುತ್ತದೆ. ನಮ್ಮ ಸಂಗೀತದ ಪ್ರಭಾವ ಅಂತ ನಾನು, ಸುಮ್ನಿರೋ ಅಂತ ನನ್ನ ತಮ್ಮ. ಯಾರು ಸರಿ?
– ಅಣ್ಣ, ಬೆಳಗಾವಿ

ಉತ್ತರ: ತಮ್ಮ ಸರಿ. ಫ್ರೆಡ್ಡಿ ಜಾಂಜಿಬಾರ್‌ನಲ್ಲಿ ಹುಟ್ಟಿದ ಪಾರ್ಸಿ ಹುಡುಗ ಫರೂಕ್ ಬಲ್ಸಾರಾ, ಪಂಚಗನಿಯ ಸೇಂಟ್ ಪೀಟರ್ಸ್ ಬೋರ್ಡಿಂಗ್ ಶಾಲೆಯಲ್ಲಿ ಬೆಳೆದವರು, ಅದೆಲ್ಲ ನಿಜ. ಆದರೆ ಅಲ್ಲಿ ಕಲಿತದ್ದು ಪಾಶ್ಚಾತ್ಯ ಪಿಯಾನೋ, ಗೆಳೆಯರ ಜೊತೆ ಕಟ್ಟಿದ ‘ದಿ ಹೆಕ್ಟಿಕ್ಸ್’ ಬ್ಯಾಂಡಿನಲ್ಲಿ ಬಾರಿಸಿದ್ದು ರಾಕ್ ಅಂಡ್ ರೋಲ್. ಒಂದು ದನಿಯ ಹಿಂದೆ ಅದೇ ಸಾಲು ಹಿಡಿದು ಇನ್ನೊಂದು ದನಿ ಬರುವ ಪದ್ಧತಿ ಯುರೋಪಿನ ಚರ್ಚ್ ಸಂಗೀತದಲ್ಲಿ ನೂರಾರು ವರ್ಷಗಳಿಂದ ಇದೆ. ಏಷ್ಯಾದ ನಂಟು ಬೇಕೇ ಬೇಕು ಅಂದರೆ ಹಾಡಿನ ಶುರುವಿನಲ್ಲಿ ಟಿಂಗ್ ಟಿಂಗ್ ಅನ್ನುವ ತಂತಿ ಇದೆಯಲ್ಲ, ಅದು ಜಪಾನಿನ ಕೋಟೋ. ಅದೂ ಆಟಿಕೆ ಕೋಟೋ! ಜಪಾನಿನಲ್ಲಿ ಬ್ರಿಯಾನ್‌ಗೆ ಉಡುಗೊರೆಯಾಗಿ ಸಿಕ್ಕಿದ್ದು.

ಪ್ರಶ್ನೆ: ಆಲ್ಬಂನ ನಿಜವಾದ ಗುಪ್ತನಿಧಿ ‘39’ ಅನ್ನುವ ಹಾಡು. ಅದನ್ನು ಬಿಟ್ಟು ನೀವು ಇದನ್ನು ಹಿಡಿದುಕೊಂಡಿದ್ದೀರಿ. ಸಿಟ್ಟು ಬಂದಿದೆ.
– ಭೌತಶಾಸ್ತ್ರದ ಮೇಡಂ, ಶಿವಮೊಗ್ಗ

ಉತ್ತರ: ಸಿಟ್ಟು ಬೇಡ ಮೇಡಂ, ಅದು ನನಗೂ ಇಷ್ಟ. ಬಾಹ್ಯಾಕಾಶಕ್ಕೆ ಹೋದವರಿಗೆ ಒಂದೇ ವರ್ಷ ಕಳೆದಿದೆ, ವಾಪಸ್ ಬಂದರೆ ಭೂಮಿಯ ಮೇಲೆ ಅವರ ಕಾಲದವರು ಯಾರೂ ಉಳಿದಿಲ್ಲ. ಐನ್‌ಸ್ಟೈನ್ ಪಾಠವನ್ನು ಊರಿನ ಹಾಡಿನ ಧಾಟಿಯಲ್ಲಿ ಹೇಳಿದ್ದಾರೆ. ಬರೆದದ್ದೂ ಬ್ರಿಯಾನ್ ಮೇ ಅವರೇ, ಅರ್ಧಕ್ಕೆ ಬಿಟ್ಟಿದ್ದ ಖಗೋಳಶಾಸ್ತ್ರದ ಪಿಎಚ್‌ಡಿಯನ್ನು 2007ರಲ್ಲಿ ಮುಗಿಸಿದವರು. ಆದರೆ ಅದು ‘ಯೂ ಆರ್ ಮೈ ಬೆಸ್ಟ್ ಫ್ರೆಂಡ್’ ಸಿಂಗಲ್‌ನ ಹಿಂಬದಿಯಲ್ಲಿ ಬಂದಿತ್ತು, ಕಛೇರಿಗಳಲ್ಲಿ ಜನ ಜೊತೆಗೂಡಿ ಹಾಡುತ್ತಿದ್ದರು. ಗುಪ್ತನಿಧಿ ಅಂತ ಹೇಗೆ ಒಪ್ಪಲಿ?

ಪ್ರಶ್ನೆ: ಆ್ಯಪ್‌ನಲ್ಲಿ ಹಾಡು ಕೊನೆಗೆ ಪಟ್ಟಂತ ಕಡಿದ ಹಾಗೆ ಆಗುತ್ತದೆ. ರೆಕಾರ್ಡಿಂಗೇ ಹಾಗಾ?
– ಹೊಸ ಕೇಳುಗಳು, ತುಮಕೂರು

ಉತ್ತರ: ನೀವು ಶಫಲ್‌ನಲ್ಲಿ ಹಾಕಿದ್ದೀರಿ. ಕೊನೆಯಲ್ಲಿ ಗಾಳಿ ಬೀಸುವ ಸದ್ದಿನ ಜೊತೆ ಶುರುವಿನ ತಂತಿ ಮತ್ತೆ ಬರುತ್ತದೆ, ಅದು ಎಲ್ಲೂ ನಿಲ್ಲದೆ ‘ಲವ್ ಆಫ್ ಮೈ ಲೈಫ್’ ಹಾಡಿನ ಪಿಯಾನೋಗೆ ಸೇರಿಕೊಳ್ಳುತ್ತದೆ. ಅಷ್ಟು ಗದ್ದಲದ ನಂತರ ಬರುವುದಕ್ಕೇ ಆ ಪಿಯಾನೋ ಅಷ್ಟು ಮೆತ್ತಗೆ ಕೇಳುವುದು. ಶಫಲ್ ಆಫ್ ಮಾಡಿ.

ಪ್ರಶ್ನೆ: ನಾವು ನಾಲ್ಕು ಜನ ಕಾಲೇಜ್ ಬ್ಯಾಂಡ್ ಕಟ್ಟಿದ್ದೇವೆ. ಫೆಸ್ಟ್‌ನಲ್ಲಿ ಇದನ್ನೇ ನುಡಿಸಬೇಕು ಅಂತ ಆಸೆ. ಸ್ಟೇಜ್ ಮೇಲೆ ಆಗುತ್ತಾ?
– ನಾಲ್ವರು, ಮಂಗಳೂರು

ಉತ್ತರ: ಕ್ವೀನ್‌ನವರೇ ಇಡೀ ಹಾಡನ್ನು ಸ್ಟೇಜ್ ಮೇಲೆ ಬಹಳ ವರ್ಷ ಇಟ್ಟುಕೊಳ್ಳಲಿಲ್ಲ. 1977ರ ಹೊತ್ತಿಗೆ ಮಧ್ಯದ ದನಿಯ ಭಾಗವನ್ನು ಮಾತ್ರ ಎತ್ತಿ ‘ವೈಟ್ ಮ್ಯಾನ್’ ಹಾಡಿನ ಜೊತೆ ಸೇರಿಸಿ ಹಾಡುತ್ತಿದ್ದರು. ಫ್ರೆಡ್ಡಿ, ಒಂದು ಮೈಕ್, ಎಕೋ ಯಂತ್ರ, ಅಷ್ಟೇ. ನೀವೂ ಅಲ್ಲಿಂದಲೇ ಶುರು ಮಾಡಿ. ಹಾಡುವವರ ಮೈಕ್‌ಗೆ ಡಿಲೇ ಪೆಡಲ್ (ದನಿಯನ್ನು ತಡ ಮಾಡಿ ವಾಪಸ್ ಕೊಡುವ ಪುಟ್ಟ ಯಂತ್ರ) ಹಾಕಿ, ಉಳಿದ ಮೈಕ್‌ಗಳನ್ನೆಲ್ಲ ಆಫ್ ಮಾಡಿಸಿ, ಇಲ್ಲದಿದ್ದರೆ ವಾಪಸ್ ಬಂದ ದನಿ ಅವುಗಳಿಗೂ ಹೊಕ್ಕು ಕೂಗಾಟ ಶುರುವಾಗುತ್ತದೆ. ಹಾಡುವವರು ಒಂದು ಸಾಲು ಹಾಡಿ ಬಾಯಿ ಮುಚ್ಚುವುದನ್ನು ಕಲಿಯಬೇಕು, ಕಷ್ಟ ಇರುವುದೇ ಅಲ್ಲಿ. ವಾಪಸ್ ಬರುವ ದನಿ ಕೇಳಿ ಗಾಬರಿಯಾಗಿ ಅದರ ಹಿಂದೆ ಓಡಿದರೆ ತಾಳ ಹೋಯಿತು. ಪೂರ್ತಿ ಹಾಡೇ ಬೇಕು ಅಂದರೆ ಗಿಟಾರಿನ ದಪ್ಪ ತಂತಿಯನ್ನು ‘ಇ’ಯಿಂದ ‘ಡಿ’ಗೆ ಇಳಿಸಿಕೊಳ್ಳಿ. ಆಮೇಲೆ ಕಾರ್ಯಕ್ರಮದವರ ಹತ್ತಿರ ಎಂಟು ನಿಮಿಷ ಬೇಕು ಅಂತ ಮೊದಲೇ ಹೇಳಿ ಒಪ್ಪಿಸಿ, ಮಧ್ಯದಲ್ಲಿ ವಾದ್ಯ ನಿಂತಾಗ ಮುಗೀತು ಅಂದುಕೊಂಡು ಮುಂದಿನ ತಂಡವನ್ನು ಕರೆದುಬಿಟ್ಟಾರು.