ಮಕ್ಕಳ ಸಂತೆಯಲ್ಲಿ ಹೆಚ್ಚು ವ್ಯಾಪಾರ ಆಗಬೇಕಾದರೆ ಏನು ಮಾಡಬೇಕು?

ಹೋದ ವರ್ಷದ ವ್ಯಾಪಾರ ಸಾಲದು ಅನ್ನಿಸಿದೆ, ಈ ಸಲ ಎಸ್‌ಡಿಎಂಸಿಯವರ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರ) ಮುಂದೆ ದೊಡ್ಡ ಮೊತ್ತ ತೋರಿಸಬೇಕು ಅಂತ ಬರೆದಿದ್ದೀರಿ. ನಾನೂ ಇದೇ ಹಟಕ್ಕೆ ಬಿದ್ದಿದ್ದವಳು. ಐದನೇ ತರಗತಿಗೆ ಗಣಿತ ಹೇಳಿಕೊಡುತ್ತಿದ್ದೆ. ಶಾಲೆ ಅಂಗಳದಲ್ಲಿ ಹನ್ನೆರಡು ಅಂಗಡಿ ಹಾಕಿಸಿ, ಯಾರ ಡಬ್ಬಿಯಲ್ಲಿ ಹೆಚ್ಚು ದುಡ್ಡು ಇರುತ್ತೋ ಅವರಿಗೇ ಮೊದಲ ಬಹುಮಾನ ಅಂತ ಮೈಕಿನಲ್ಲಿ ಹೇಳಿಬಿಟ್ಟೆ.

ಮಂಡಕ್ಕಿ ಅಂಗಡಿ ಹುಡುಗನ ಡಬ್ಬಿಯಲ್ಲಿ 640 ರೂಪಾಯಿ ಸಿಕ್ಕಿತು. ಚಪ್ಪಾಳೆ, ಬಹುಮಾನ, ಫೋಟೊ ಎಲ್ಲ ಆಯಿತು. ಮಾರನೇ ದಿನ ತರಗತಿಯಲ್ಲಿ ಲೆಕ್ಕಕ್ಕೆ ಕೂತಾಗ ನನ್ನ ತಪ್ಪು ಗೊತ್ತಾಯಿತು. ಬೆಳಿಗ್ಗೆ ಪ್ರತಿ ಡಬ್ಬಿಗೂ ಚಿಲ್ಲರೆಗೆಂದು 50 ರೂಪಾಯಿ ಹಾಕಿದ್ದವಳು ನಾನೇ. ಜನ ಸೇರಿದ ಹೊತ್ತಲ್ಲಿ ಅವನು ಚಿಲ್ಲರೆ ಮುಗೀತು ಅಂತ ಓಡಿ ಬಂದಾಗ, ಬದಲಿಗೆ ನೋಟು ಇಸಿದುಕೊಳ್ಳದೆ ಇನ್ನೂ 200 ಕೈಗಿಟ್ಟಿದ್ದೆ. ಎರಡನ್ನೂ ಎಲ್ಲೂ ಬರೆದಿರಲಿಲ್ಲ. 640ರಲ್ಲಿ ನನ್ನ 250 ತೆಗೆದರೆ ಅವನು ಮಾರಿದ್ದು 390ಕ್ಕೆ ಮಾತ್ರ. ಮಂಡಕ್ಕಿ, ಎಣ್ಣೆ, ಈರುಳ್ಳಿ, ಖಾರದಪುಡಿಗೆ ಅವರ ಮನೆಯವರು ಹಾಕಿದ ಅಸಲು 410. ಅಂದರೆ 20 ರೂಪಾಯಿ ನಷ್ಟ ಮಾಡಿಕೊಂಡ ಮಗುವಿಗೆ ಮೊದಲ ಬಹುಮಾನ ಕೊಟ್ಟಿದ್ದೆ.

ಅದೇ ಸಾಲಿನಲ್ಲಿ ಸೊಪ್ಪು ಮಾರುತ್ತಿದ್ದ ಹುಡುಗಿಯ ಡಬ್ಬಿಯಲ್ಲಿ 170 ಇತ್ತು. "ಟೀಚರ್, ನಂದೇ ಕಮ್ಮಿನಾ?" ಅಂತ ಕೇಳಿ ಸುಮ್ಮನೆ ಗೋಣಿಚೀಲ ಮಡಚಿದ್ದಳು. ಚಿಲ್ಲರೆ 50, ಅಸಲು 60 ಕಳೆದರೆ ಅವಳಿಗೆ 60 ಲಾಭ. ಹಾಕಿದ ದುಡ್ಡು ದುಪ್ಪಟ್ಟಾಗಿತ್ತು. ಕೊಟ್ಟ ಬಹುಮಾನವನ್ನು ಆ ಹುಡುಗನಿಂದ ವಾಪಸ್ ಕೇಳುವ ಹಾಗಿರಲಿಲ್ಲ. ಅವಳ ಮುಖ ನೋಡುವುದಕ್ಕೂ ಆಗಲಿಲ್ಲ.

ಆದ್ದರಿಂದ ವ್ಯಾಪಾರ ಹೆಚ್ಚಿಸುವ ಯೋಚನೆಯನ್ನೇ ಬಿಡಿ. ಡಬ್ಬಿಯೊಳಗೆ ಚಿಲ್ಲರೆ, ಅಸಲು, ಲಾಭ ಅಂತ ಮೂರು ಬೇರೆ ಬೇರೆ ದುಡ್ಡಿರುತ್ತದೆ. ಅದನ್ನು ಮಗು ಬಿಡಿಸಿ ಹೇಳಿದರೆ ಅದೇ ಸಾಧನೆ. ಪ್ರತಿ ಡಬ್ಬಿಯ ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿ. ಚಿಲ್ಲರೆ 50 ಅಂತ ಮಗುವೇ ಬರೆಯಲಿ: ಒಂದರ ನಾಣ್ಯ ಹತ್ತು, ಎರಡರದ್ದು ಹತ್ತು, ಐದರದ್ದು ನಾಲ್ಕು. ಅದರ ಕೆಳಗೆ ಅಸಲು. ಮನೆ ಹಿತ್ತಲಿನ ಬದನೆಕಾಯಿ ತಂದವರೂ ಆ ವಾರದ ಸಂತೆ ದರ ಹಾಕಿ ಅಸಲು ಬರೆಯಲೇಬೇಕು. ಇಲ್ಲದಿದ್ದರೆ ಬಂದದ್ದೆಲ್ಲ ಲಾಭ ಅಂದುಕೊಳ್ಳುತ್ತಾರೆ, ಅಪ್ಪ ಅಮ್ಮ ನೀರು ಕಟ್ಟಿ ಬೆಳೆಸಿದ್ದಕ್ಕೆ ಬೆಲೆಯೇ ಇಲ್ಲದಂತಾಗುತ್ತದೆ. ನಡುವೆ ಚಿಲ್ಲರೆ ಬೇಕಾದರೆ ಅಷ್ಟೇ ಮೊತ್ತದ ನೋಟು ಕೊಟ್ಟು ಪಡೆಯಲಿ. ಇದಕ್ಕೆ ಏಳನೇ ತರಗತಿಯ ಒಬ್ಬರನ್ನು 'ಬ್ಯಾಂಕ್' ಅಂತ ಕೂರಿಸಿ.

ಹತ್ತು ರೂಪಾಯಿ ಪೊಟ್ಟಣ ಕಟ್ಟಿ ತರುವುದಕ್ಕೆ ಬಿಡಬೇಡಿ. ಅಲ್ಲಿ ತೂಕವೂ ಇಲ್ಲ, ಭಾಗಾಕಾರವೂ ಇಲ್ಲ. ನಾಲ್ಕನೇ ತರಗತಿಯವರಿಗೆ ನಾಲ್ಕರಿಂದ ಭಾಗವಾಗುವ ದರ ಇಡಿಸಿ. ಕೆಜಿಗೆ 24, 32, 40 ಹೀಗಿದ್ದರೆ ಕಾಲು ಕೆಜಿ ಬಿಡಿ ಪೈಸೆ ಇಲ್ಲದೆ ಬರುತ್ತದೆ. ಐದನೆಯವರಿಗೆ ಬೇಕೆಂದೇ 30 ಇಡಿ. ಕಾಲು ಕೆಜಿಗೆ ಏಳೂವರೆ ಬಂದಾಗ ಮಗು ತಡವರಿಸುತ್ತದೆ, ಆಮೇಲೆ "ಅರ್ಧ ಕೆಜಿ ತಗೊಳ್ರಿ, ಹದಿನೈದು" ಅನ್ನುತ್ತದೆ. ಅಲ್ಲಿಯವರೆಗೆ ನೀವು ಬಾಯಿ ಹಾಕಬೇಡಿ.

ಎಲೆಕ್ಟ್ರಾನಿಕ್ ತಕ್ಕಡಿ ಬೇಡ, ಅಂಥ ಕೆಲವು ತಕ್ಕಡಿಗಳು ಬೆಲೆಯನ್ನೂ ತಾವೇ ಲೆಕ್ಕ ಹಾಕಿ ತೋರಿಸುತ್ತವೆ. ಎರಡು ತಟ್ಟೆಯ ತಕ್ಕಡಿಯೇ ಬೇಕು. ಅದನ್ನು ಮಕ್ಕಳು ಕೈಯಲ್ಲಿ ಹಿಡಿದರೆ ತೋಳು ಸೋತು ವಾಲುತ್ತದೆ, ಕಿಟಕಿ ಸರಳಿಗೋ ಗಟ್ಟಿ ಕೋಲಿಗೋ ತೂಗುಹಾಕಿ. ಖಾಲಿ ತಟ್ಟೆಗಳು ಸಮ ನಿಂತಿವೆಯೇ ಅಂತ ಮೊದಲು ನೋಡಲಿ. 50, 100, 200, 500 ಗ್ರಾಂ ಮತ್ತು 1 ಕೆಜಿ ಬಟ್ಟು ಒಂದೊಂದಿದ್ದರೆ ಸಾಕು, ಮುಕ್ಕಾಲು ಕೆಜಿಗೆ ಯಾವ ಮೂರು ಇಡಬೇಕು ಅಂತ ಅವರೇ ಹುಡುಕುತ್ತಾರೆ.

ಹೂವಿನ ಅಂಗಡಿ ಒಂದಾದರೂ ಇರಲಿ. ತೂಕ, ಅಳತೆಗೆ ಮೆಟ್ರಿಕ್ ಪದ್ಧತಿ ತಂದ ಕಾನೂನು 1956ರದ್ದು, ಆದರೂ ನಮ್ಮಲ್ಲಿ ಹೂ ಮೊಳದ ಲೆಕ್ಕದಲ್ಲೇ ಹೋಗುತ್ತದೆ. ಅಜ್ಜಿಯ ಮೊಳಕ್ಕೂ ಹತ್ತು ವರ್ಷದ ಮಗುವಿನ ಮೊಳಕ್ಕೂ ಕೆಲವು ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಇಬ್ಬರ ಮೊಳವನ್ನೂ ಟೇಪಿನಲ್ಲಿ ಅಳೆಸಿ, ಜಗಳ ಆಗಲಿ. ಮೀಟರ್ ಯಾಕೆ ಬೇಕು ಅನ್ನುವುದಕ್ಕೆ ಬೇರೆ ಪಾಠ ಬೇಡ.

ಸೊಪ್ಪಿನ ಮೇಲೆ ಒದ್ದೆ ಗೋಣಿ ಹಾಕಿಸಿ, ಇಲ್ಲದಿದ್ದರೆ ಬಿಸಿಲಿಗೆ ಬಾಡುತ್ತದೆ. ಸಂತೆ ಎರಡು ಗಂಟೆ ನಡೆದರೆ ಸಾಕು. ಮೂರನೇ ಗಂಟೆಗೆ ಮಕ್ಕಳು ಸುಸ್ತಾಗಿ ತಾಯಂದಿರು ತಕ್ಕಡಿ ಹಿಡಿಯುತ್ತಾರೆ. ಅಂಗಡಿ ಹಿಂದೆ ಸುಣ್ಣದ ಗೆರೆ ಎಳೆದು, ದೊಡ್ಡವರು ದಾಟಬಾರದು ಅನ್ನಿ. ನಲಿ-ಕಲಿಯ (ಒಂದರಿಂದ ಮೂರನೇ ತರಗತಿಯ) ಪುಟ್ಟ ಮಕ್ಕಳು 20 ರೂಪಾಯಿ ಹಿಡಿದು ಗಿರಾಕಿಗಳಾಗಲಿ.

ಇನ್ನು ಎಸ್‌ಡಿಎಂಸಿ ಸಭೆ. ಒಟ್ಟು ಮೊತ್ತ ಕೇಳಿದರೆ ಹೇಳಿ. ಆದರೆ ಮುಚ್ಚಳದ ಚೀಟಿಗಳನ್ನು ಕಿತ್ತು ಒಂದು ಚಾರ್ಟಿಗೆ ಅಂಟಿಸಿ, ಮೈಕು ಮಕ್ಕಳ ಕೈಗೆ ಕೊಡಿ. ನನ್ನ ಎರಡನೇ ಸಂತೆಯಲ್ಲಿ ಹಾಗೇ ಮಾಡಿದೆ. ಮೊದಲು ಎದ್ದು ಬಂದವಳು ಸೊಪ್ಪಿನ ಹುಡುಗಿಯ ತಂಗಿ: "ಡಬ್ಬೀಲಿ 145. ಚಿಲ್ಲರೆ 50, ಅದು ಟೀಚರದು. ಅಸಲು 70, ಅದು ಅಮ್ಮಂದು. ನಂದು 25."