ಪ್ರತಿಕ್ರಿಯೆ: ಉಪವಾಸ, ಹರಕೆ ಮತ್ತು ಶರಣಾಗತಿ

ನಮಸ್ಕಾರ. ಹೊಳಲ್ಕೆರೆ ಕಡೆಯ ನಿಮ್ಮ ಅಡಿಕೆ ತೋಟದ ಕೊಳವೆಬಾವಿ ಬತ್ತಿ, ಮಗನ ಕೆಲಸವೂ ಡೋಲಾಯಮಾನವಾಗಿರುವ ಈ ಹೊತ್ತಿನಲ್ಲಿ, ಸೋಮವಾರವೂ ಏಕಾದಶಿಯೂ ನೀರು ಮುಟ್ಟದೆ ಉಪವಾಸವಿದ್ದರೆ ದೇವರಿಗೆ ಶರಣಾದಂತೆ ಆಗುವುದೇ ಎಂದು ಕೇಳಿದ್ದೀರಿ.

ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವುದಾಗಿಯೂ ಬರೆದಿದ್ದೀರಾದ್ದರಿಂದ, ವೈದ್ಯರನ್ನು ಕೇಳದೆ ನಿರ್ಜಲ ಉಪವಾಸ ಬೇಡ. ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆಯ ಅಂಶ ಅಪಾಯಕರವಾಗಿ ಇಳಿಯಬಹುದು.

ಉಪವಾಸವೆಂದರೆ ಸಮೀಪದಲ್ಲಿ ವಾಸಿಸುವುದು ಎಂದರ್ಥ. ಹಸಿವು ಅದಕ್ಕೊಂದು ದಾರಿ, ಅಷ್ಟೆ. ‘ನೀರು ಬಂದರೆ ಇಷ್ಟು ಸೋಮವಾರ ಮಾಡುತ್ತೇನೆ’ ಎಂಬುದು ಹರಕೆ. ಅದು ತಪ್ಪೆಂದು ನಾನು ಹೇಳಲಾರೆ, ನಮ್ಮ ಮನೆಯಲ್ಲೂ ಹೊತ್ತಿದ್ದೇವೆ. ಆದರೆ ಶರಣಾಗತಿಯಲ್ಲಿ ಆ ‘ಬಂದರೆ’ ಎಂಬ ಮಾತಿಗೇ ಜಾಗವಿಲ್ಲ. ನಮ್ಮ ಬಾವಿ ಬತ್ತಿದ ವರ್ಷ ತಂದೆಯವರು ಸೋಮವಾರ ಒಂದು ಲೋಟ ಹಾಲು, ಎರಡು ಬಾಳೆಹಣ್ಣಿನಲ್ಲೇ ದಿನ ಕಳೆದು, ಸಂಜೆ ದೀಪದ ಮುಂದೆ ಏನನ್ನೂ ಬೇಡದೆ ಕುಳಿತು, ಮರುದಿನ ನಸುಕಿನಲ್ಲೇ ಟ್ಯಾಂಕರ್ ನೀರಿಗೆ ಮಾತಾಡಲು ಹೊರಡುತ್ತಿದ್ದರು. ದೇವರ ಮೇಲೆ ಭಾರ ಹಾಕಿದ್ದರೂ ಗಿಡದ ಬುಡಕ್ಕೆ ಮುಚ್ಚಿಗೆ ಹಾಕುವುದನ್ನು ಅವರು ಬಿಡಲಿಲ್ಲ.

ಸೋಮವಾರವೋ ಏಕಾದಶಿಯೋ ಎಂಬ ಗೊಂದಲ ಕಾಡಿದರೆ ಹರಿಹರಕ್ಕೆ ಒಮ್ಮೆ ಹೋಗಿಬನ್ನಿ. ಹೊಯ್ಸಳರ ಕಾಲದಲ್ಲಿ, 13ನೆಯ ಶತಮಾನದಲ್ಲಿ ಕಟ್ಟಿದ ಆ ಗುಡಿಯಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣುವಾಗಿ ಒಂದೇ ಮೂರ್ತಿ ನಿಂತಿದೆ. ಮಧ್ಯಾಹ್ನದ ಹೊತ್ತು ಕಂಬಗಳ ಮಂಟಪದಲ್ಲಿ ಕಲ್ಲು ತಂಪಾಗಿರುತ್ತದೆ, ಅವಸರವಿಲ್ಲದೆ ಕುಳಿತುಕೊಳ್ಳಬಹುದು.